ಮಚ್ಚು, ಕೋವಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಿನಾ ಬೈಕಿನಲ್ಲಿ ಅಡಿಕೆ ತೋಟಕ್ಕೆ ಮಚ್ಚು ಒಯ್ಯುತ್ತೇನೆ. ಪೊಲೀಸರು ಹಿಡಿದರೆ ಕೇಸ್ ಆಗುತ್ತಾ? – ಓದುಗರು, ಚನ್ನಗಿರಿ

ಉತ್ತರ: ತೋಟದ ಕೆಲಸಕ್ಕೆ ಒಯ್ದರೆ ಹೆದರಬೇಡಿ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುಗಳೂ ಇವೆ, ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ಅದೇ ಮಚ್ಚು ರಾತ್ರಿ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಶರ್ಟಿನೊಳಗೆ ಸಿಕ್ಕರೆ ಮಾತೇ ಬೇರೆ, ಅಲ್ವಾ? ಇನ್ನೊಂದು ಮಾತು. ಅಲಗಿಗೆ ಗೋಣಿಚೀಲ ಸುತ್ತಿ, ದಾರ ಬಿಗಿದು ಕಟ್ಟಿ. ಏನೂ ಸುತ್ತದೆ ಹಾಗೇ ಸೀಟಿಗೆ ಸಿಕ್ಕಿಸಿಕೊಂಡು ಹೋದವರ ಗಾಡಿ ಗುಂಡಿಯಲ್ಲಿ ಎಗರಿ, ಹಿಂದೆ ಕೂತ ಹುಡುಗನ ಮೊಣಕಾಲು ಸೀಳಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಅಪ್ಪನ ಹೆಸರಲ್ಲಿ ಬೆಳೆ ಕಾಯೋ ಕೋವಿಯ ಲೈಸೆನ್ಸ್ ಇದೆ. ಅವರಿಗೆ 72 ವರ್ಷ. ಹಂದಿ ಕಾಟ ಜಾಸ್ತಿ, ರಾತ್ರಿ ಹೊಲಕ್ಕೆ ನಾನೇ ಒಯ್ಯಬಹುದಾ? – ಓದುಗರು, ಹೊಳಲ್ಕೆರೆ

ಉತ್ತರ: ದಯವಿಟ್ಟು ಬೇಡ. ಲೈಸೆನ್ಸ್ ಇರೋದು ಅಪ್ಪನಿಗೆ, ಮನೆಗಲ್ಲ. ನಿಮ್ಮ ಕೈಯಲ್ಲಿ ಸಿಕ್ಕರೆ ಇಬ್ಬರೂ ಠಾಣೆ ಅಲೆಯಬೇಕಾಗುತ್ತದೆ. ದಾರಿ ಇದೆ. ಲೈಸೆನ್ಸ್ ಇದ್ದವರಿಗೆ 70 ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ, ಮಕ್ಕಳ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ನಿಮಗೆ 21 ತುಂಬಿರಬೇಕು. ಅಪ್ಪನ ಒಪ್ಪಿಗೆ ಬರೆಸಿಕೊಂಡು ಚಿತ್ರದುರ್ಗದ ಡಿಸಿ ಆಫೀಸಿಗೆ ಹೋಗಿ. ಲೈಸೆನ್ಸ್ ಸಿಕ್ಕಿದರೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹಂದಿ ಹೊಡೆಯುವಂತಿಲ್ಲ.

ಪ್ರಶ್ನೆ: ಎಲೆಕ್ಷನ್ ಟೈಮಲ್ಲಿ ಕೋವಿ ಠಾಣೆಗೆ ಕೊಡಬೇಕಾ? – ಓದುಗರು, ಹರಿಹರ

ಉತ್ತರ: ಆದೇಶ ಬಂದರೆ ಕೊಡಿ. ರಸೀದಿ ಮಾತ್ರ ಮರೆಯದೆ ಇಸ್ಕೊಳ್ಳಿ.