1824ರ ಕಿತ್ತೂರು ಯುದ್ಧದ ಆಟಿಕೆ ಸೈನಿಕರ ಸಂಗ್ರಹಕ್ಕೆ ಯಾವ ಸೆಟ್ ಕೊಳ್ಳಬೇಕು, ಶೋಕೇಸ್ ಹೇಗಿರಬೇಕು?

ಬಡಿಗೇರರಿಗೆ ಇವತ್ತೇ ಫೋನ್ ಮಾಡಿ ಕೆಲಸ ನಿಲ್ಲಿಸಿ. ಅಜ್ಜನ ಪೆಟ್ಟಿಗೆಯಲ್ಲಿ ಸೀಸದ ಬ್ರಿಟಿಷ್ ಸಿಪಾಯಿಗಳು ಸಿಕ್ಕಿವೆ, ಅವಕ್ಕೆ ಗಾಜಿನ ಬಾಗಿಲಿನ ಪ್ಲೈವುಡ್ ಶೋಕೇಸ್ ಮಾಡಿಸುತ್ತಿದ್ದೇನೆ, ಅದರಲ್ಲೇ ಕಿತ್ತೂರು ಯುದ್ಧದ ಸೆಟ್ ಒಂದನ್ನೂ ತಂದಿಡಬೇಕು ಎಂದಿದ್ದೀರಿ. ನನಗೂ ಈ ಹುಚ್ಚು ಹತ್ತಿದ್ದು ಇಂಥದೇ ಸೀಸದ ಸಿಪಾಯಿಗಳಿಂದ. ಅದಕ್ಕೇ ನೇರವಾಗಿ ಹೇಳುತ್ತೇನೆ: ಆ ಶೋಕೇಸ್ ಬೇಡ, ಸೆಟ್ ಕೊಳ್ಳುವ ಯೋಚನೆಯೂ ಬೇಡ.

ಮೊದಲು ಶೋಕೇಸಿನ ಮಾತು. ಸಂಗ್ರಹಗಳನ್ನು ಪೂರ್ತಿ ನುಂಗುವ ತಪ್ಪು ಇದೊಂದೇ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ. ಸೀಸಕ್ಕೆ ಶತ್ರು ಧೂಳಲ್ಲ, ಹುಳಿ. ಹೊಸ ಪ್ಲೈವುಡ್, ಎಂಡಿಎಫ್ ಎಂಬ ಮರದ ಪುಡಿಯ ಹಲಗೆ, ಲ್ಯಾಮಿನೇಟ್ ಅಂಟಿಸುವ ಬಿಳಿ ಮರದ ಅಂಟು, ಗಾಜಿನ ಸಂದಿಗೆ ಹಚ್ಚುವ ವಿನೆಗರ್ ವಾಸನೆಯ ಸಿಲಿಕಾನ್, ಇವೆಲ್ಲವೂ ತಿಂಗಳುಗಟ್ಟಲೆ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ನೀವು ಧೂಳು ಬರಬಾರದೆಂದು ಬಾಗಿಲನ್ನು ಬಿಗಿ ಮಾಡಿಸಿದಷ್ಟೂ ಆ ಆವಿ ಒಳಗೇ ನಿಲ್ಲುತ್ತದೆ. ಮಳೆಗಾಲದ ತೇವ ಅದಕ್ಕೆ ಜೊತೆ. ಆಮ್ಲ ಸೀಸವನ್ನು ತಿಂದು ಲೆಡ್ ಅಸಿಟೇಟ್ ಆಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಬಿಳಿ ಲೆಡ್ ಕಾರ್ಬೊನೇಟ್ ಪುಡಿಯಾಗಿ ಮಾಡುತ್ತದೆ. ಆಗ ಆಮ್ಲ ಮತ್ತೆ ಬಿಡುಗಡೆಯಾಗಿ ಮುಂದಿನ ಪದರಕ್ಕೆ ಕೈ ಹಾಕುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲದಿರುವುದು ಇದೇ ಕಾರಣಕ್ಕೆ.

ನಿಮ್ಮ ಸಿಪಾಯಿಗಳ ಪಾದದ ಕೆಳಗಿನ ತಟ್ಟೆ ನೋಡಿ. ಅಲ್ಲಿ ಬ್ರಿಟನ್ಸ್ ಎಂಬ ಹೆಸರಿದ್ದು, ಕೈಯಲ್ಲಿ ಹಿಡಿದರೆ ಹಗುರವಾಗಿದ್ದರೆ ಅವು ಟೊಳ್ಳು ಎರಕದವು. ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಶುರು ಮಾಡಿದ ವಿಧಾನ ಅದು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಸಣ್ಣ ತೂತಿನಿಂದ ಹೊರಗೆ ಸುರಿಯುತ್ತಿದ್ದರು. ಆ ತೂತಿನಿಂದಲೇ ಆವಿ ಒಳಗೆ ಹೋಗುತ್ತದೆ, ಒಳಗೆ ಬಣ್ಣದ ರಕ್ಷಣೆ ಇಲ್ಲ. ಹೊರಗೆ ಕೆಂಪು ಕೋಟು ಹೊಳೆಯುತ್ತಿರುವಾಗಲೇ ಒಂದು ದಿನ ಹಿಮ್ಮಡಿಯ ಹತ್ತಿರ ಮುರಿದು ಬೀಳುತ್ತದೆ. ಬಯೋನೆಟ್ಟಿನ ತುದಿ, ಕುದುರೆಯ ಕಾಲು, ತಟ್ಟೆಯ ಅಂಚಿನಲ್ಲಿ ಬೂದು-ಬಿಳಿ ಹಿಟ್ಟು ಕಂಡರೆ ಅದು ಬೂಸ್ಟು ಅಂದುಕೊಳ್ಳಬೇಡಿ.

ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಚೌಕಟ್ಟು, ಗಾಜಿನ ಹಲಗೆ, ಮೇಲೆ ಕೆಳಗೆ ಗಾಳಿ ಆಡಲು ಸಣ್ಣ ಸಂದಿ, ಇಷ್ಟು ಸಾಕು. ಅಕ್ರಿಲಿಕ್ ಡಬ್ಬಿಯೂ ನಡೆಯುತ್ತದೆ. ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಪಕ್ಕದಲ್ಲಿ ತೇವಮಾಪಕ. 50 ಪ್ರತಿಶತಕ್ಕಿಂತ ಕೆಳಗಿರಲಿ. ಪ್ಲೈವುಡ್ಡಿಗೆ ಆಯಿಲ್ ಪೇಂಟ್ ಹೊಡೆಸಿದರೆ ಆಯಿತಲ್ಲ ಎಂದು ಬಡಿಗೇರರು ಹೇಳಬಹುದು. ಆ ಪೇಂಟ್ ಒಣಗುವಾಗ ತಾನೇ ಆಮ್ಲ ಬಿಡುತ್ತದೆ. ಕಪಾಟು ಅರ್ಧ ಆಗಿಬಿಟ್ಟಿದ್ದರೆ ಪೂರ್ತಿ ಮಾಡಿಸಿ, ಅದರಲ್ಲಿ ಪ್ಲಾಸ್ಟಿಕ್ ಗೊಂಬೆ ಇಡಿ, ಸೀಸ ಬೇಡ.

ನಂಬಿಕೆ ಬಾರದಿದ್ದರೆ ಪರೀಕ್ಷೆ ಸುಲಭ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರಡು ತಂದು ಹೊಳೆಯುವಂತೆ ತಿಕ್ಕಿ. ಎರಡು ಗಾಜಿನ ಬಾಟಲಿಯಲ್ಲಿ ಒಂದೊಂದು ಹಾಕಿ, ಎರಡರಲ್ಲೂ ಒದ್ದೆ ಹತ್ತಿಯ ಚೂರು ಇಡಿ, ಒಂದರಲ್ಲಿ ಮಾತ್ರ ನಿಮ್ಮ ಪ್ಲೈವುಡ್ಡಿನ ತುಂಡು. ಮುಚ್ಚಳ ಬಿಗಿದು ಬೆಚ್ಚಗಿನ ಜಾಗದಲ್ಲಿಡಿ. ಮ್ಯೂಸಿಯಂಗಳು ಇದನ್ನೇ 60 ಡಿಗ್ರಿ ಶಾಖದಲ್ಲಿ 28 ದಿನ ಮಾಡುತ್ತವೆ. ಮನೆಯಲ್ಲಿ ಇನ್ನೂ ನಿಧಾನ, ಆದರೂ ಎರಡೂ ಗುಂಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಈಗಾಗಲೇ ಪುಡಿ ಬಂದಿರುವ ಸಿಪಾಯಿಯನ್ನು ಬೇರೆ ಇಡಿ. ಒಣ ಬ್ರಷ್ಷಿನಿಂದ ಕೊಡವಬೇಡಿ, ಅದು ವಿಷದ ಧೂಳು. ಕೈಗವಸು ಹಾಕಿ ಒದ್ದೆ ಹತ್ತಿಯಿಂದ ಒರೆಸಿ, ಹತ್ತಿಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಮಕ್ಕಳ ಕೈಗೆ ಸಿಗದಿರಲಿ. ಹಿತ್ತಾಳೆ ಪಾತ್ರೆಗೆ ಹಚ್ಚಿದಂತೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಲೇಬೇಡಿ. ಹಳೆಯ ಬಣ್ಣ ಉದುರಿದ್ದರೂ ಹಾಗೇ ಬಿಡಿ. ಹೊಸ ಬಣ್ಣ ಬಿದ್ದ ಹಳೆಯ ಬ್ರಿಟನ್ಸ್ ಗೊಂಬೆಗೆ ಬೆಲೆಯೂ ಇಲ್ಲ, ಅದರ ಚರಿತ್ರೆಯೂ ಹೋಯಿತು.

ಇನ್ನು ಸೆಟ್. ಕಿತ್ತೂರಿನದೆಂದು ಡಬ್ಬಿಯಲ್ಲಿ ತುಂಬಿಟ್ಟಿರುವುದನ್ನು ಹುಡುಕುತ್ತಾ ಹೋದರೆ ಮಾರುವವರು ನಿಮಗೆ 1857ರ ಸಿಪಾಯಿಗಳನ್ನು ತೋರಿಸುತ್ತಾರೆ. ಫೌಂಡ್ರಿ, ಐರನ್ ಡ್ಯೂಕ್ ಮುಂತಾದ ಕಂಪನಿಗಳ 28 ಮಿ.ಮೀ. ಗೊಂಬೆಗಳು ಚೆನ್ನಾಗಿವೆ, ಆದರೆ ಅವು 33 ವರ್ಷ ಆಮೇಲಿನ ಸೈನ್ಯ. ಅವರ ತಲೆಯ ಮೇಲೆ ಚಪ್ಪಟೆ ದುಂಡು ಟೋಪಿ, ಕೈಯಲ್ಲಿ ಸಣ್ಣ ಲೋಹದ ಕೇಪು ಸಿಡಿಸಿ ಹಾರಿಸುವ ಬಂದೂಕು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿ ಹಿಡಿದದ್ದು ಚಕಮಕಿ ಕಲ್ಲಿನ ಬ್ರೌನ್ ಬೆಸ್ ಬಂದೂಕು.

ಕೆಂಪು ಕೋಟಿನ ಉದ್ದ ಸಾಲು ಎಂಬ ಚಿತ್ರವನ್ನೂ ಮನಸ್ಸಿನಿಂದ ತೆಗೆಯಿರಿ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ದತ್ತು ಒಪ್ಪದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿದ. ಕೋಟೆಯವರು ಬಾಗಿಲು ಮುಚ್ಚಿದರು. ಬಾಗಿಲು ಒಡೆಯಲು ಅವನು ನಂಬಿದ್ದು ಮದ್ರಾಸಿನ ದೇಶಿ ಕುದುರೆ ಫಿರಂಗಿದಳವನ್ನು. 1824ರ ಅಕ್ಟೋಬರ್ 23ರಂದು ಒಳಗಿನವರು ಹೊರಗೆ ನುಗ್ಗಿದಾಗ ಸತ್ತವರು ಥ್ಯಾಕರೆ ಮತ್ತು ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಫಿರಂಗಿ ಅಧಿಕಾರಿಗಳು. ಥ್ಯಾಕರೆಯನ್ನು ಹೊಡೆದದ್ದು ಅಮಟೂರು ಬಾಳಪ್ಪನ ಗುಂಡು. ಥ್ಯಾಕರೆಯ ಸಹಾಯಕರಾದ ಸ್ಟೀವನ್ಸನ್, ಎಲಿಯಟ್ ಸೆರೆಯಾದರು. ಅಂದರೆ ನಿಮಗೆ ಬೇಕಾದದ್ದು ಒಂದು ಕೋಟೆ ಬಾಗಿಲು, ಒಂದೋ ಎರಡೋ ಫಿರಂಗಿ, ನೀಲಿ ಜಾಕೆಟ್ಟಿನ ಬೆರಳೆಣಿಕೆಯ ಗೋಲಂದಾಜರು (ಫಿರಂಗಿ ಹಾರಿಸುವವರು), ಎದುರಿಗೆ ದೊಡ್ಡ ಗುಂಪು. ಇಂಥ ಕೂಟ ಯಾವ ಡಬ್ಬಿಯಲ್ಲೂ ಬರುವುದಿಲ್ಲ, ನೀವೇ ಮಾಡಿಕೊಳ್ಳಬೇಕು. ಕಾಲಾಳುಗಳ ಸಾಲು ಬೇಕೆಂದರೆ ಡಿಸೆಂಬರಿನ ಎರಡನೇ ಮುತ್ತಿಗೆಗೆ ಹೋಗಿ, ಆದರೆ ಅದು ಮುಂದಿನ ವರ್ಷದ ಕೆಲಸವಾಗಲಿ.

ಅಳತೆ ಒಂದೇ ಹಿಡಿಯಿರಿ, ಗೊಂಬೆಯ ಎತ್ತರ 54 ಮಿ.ಮೀ., ಅಂದರೆ ಅಸಲಿನ ಹೆಚ್ಚುಕಡಿಮೆ 1/32 ಪಾಲು. ಅಜ್ಜನ ಸಿಪಾಯಿಗಳೂ ಬ್ರಿಟನ್ಸ್ ಆಗಿದ್ದರೆ ಇದೇ ಅಳತೆ. ಮಾರುವವರ ಮಾತಿಗಿಂತ ಬಂದೂಕನ್ನು ಅಳೆಯುವುದು ವಾಸಿ: ಆ ಕಾಲದ ಇಂಡಿಯಾ ಪ್ಯಾಟರ್ನ್ ಬ್ರೌನ್ ಬೆಸ್ 55 ಇಂಚು ಉದ್ದ, 1/32ರಲ್ಲಿ ಸುಮಾರು 44 ಮಿ.ಮೀ. ಆರು ಪೌಂಡಿನ ಗುಂಡು ಹಾರಿಸುವ ಹಗುರ ಫಿರಂಗಿಯ ನಳಿಗೆ 5 ಅಡಿ, ಗಾಲಿಯ ವ್ಯಾಸವೂ 5 ಅಡಿ, ಎರಡೂ 48 ಮಿ.ಮೀ. ಹತ್ತಿರ ಬರಬೇಕು. ಗಾಲಿ 40ಕ್ಕಿಂತ ಕಡಿಮೆ ಇದ್ದರೆ ಆ ಫಿರಂಗಿ ಪಕ್ಕದಲ್ಲಿ ನಿಂತವನು ರಾಕ್ಷಸನಂತೆ ಕಾಣುತ್ತಾನೆ. ಗುಂಡುಗಳಿಗೆ ಸೈಕಲ್ ಅಂಗಡಿಯ 1/8 ಇಂಚಿನ ಬಾಲ್ ಸರಿಹೋಗುತ್ತದೆ.

1815ರ ವಾಟರ್‌ಲೂ ಕದನದ ಕಾಲದ ಬ್ರಿಟಿಷ್ ಫಿರಂಗಿ ಮತ್ತು ಕಾಲಾಳುಗಳ ಮೆತ್ತನೆ ಪ್ಲಾಸ್ಟಿಕ್ ಡಬ್ಬಿ ಒಂದೊಂದು ತರಿಸಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯದೆ ಬಣ್ಣ ಹಚ್ಚಿದರೆ ಸಿಪ್ಪೆಯಂತೆ ಏಳುತ್ತದೆ, ಅಚ್ಚಿನ ಜಿಡ್ಡು ಉಳಿದಿರುತ್ತದೆ. ಬಾಗಿದ ಬಯೋನೆಟ್ಟನ್ನು ಕುದಿಯುವ ನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ ತಕ್ಷಣ ತಣ್ಣೀರಿಗೆ ಹಾಕಿ. ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ತಲೆ ಬದಲಿಸುವಾಗ ಕೈಡ್ರಿಲ್ಲಿನಿಂದ 0.8 ಮಿ.ಮೀ. ತೂತು ಕೊರೆದು ತಂತಿ ಸಿಗಿಸಲೇಬೇಕು. ಡಿಸೆಂಬರಿನ ದೇಶಿ ಕಾಲಾಳುವಿಗಾದರೆ ಯುರೋಪಿನ ಎತ್ತರದ ಟೋಪಿಯ ಮುಂದಿನ ಚಾಚನ್ನು ಬ್ಲೇಡಿನಿಂದ ಹೆರೆದು ತೆಗೆದು, ಬೂಟಿನ ಜಾಗದಲ್ಲಿ ಚಪ್ಪಲಿ ಬರೆಯಿರಿ.

ಕಿತ್ತೂರಿನ ಕಡೆಯವರ ಮೇಲೆ ಹೆಚ್ಚು ಹೊತ್ತು ಕಳೆಯಬೇಕು. ಅವರಲ್ಲಿ ಹೆಚ್ಚಿನವರು ಶೇತಸನದಿಗಳು, ಇನಾಮು ಹೊಲಕ್ಕೆ ಬದಲಾಗಿ ಸೇವೆ ಮಾಡುವ ಹಳ್ಳಿಯ ಜನ. ಸಮವಸ್ತ್ರ ಇಲ್ಲ. ಎಲ್ಲರಿಗೂ ಒಂದೇ ಬಣ್ಣದ ಪೇಟ ಸುತ್ತಿದರೆ ಮೆರವಣಿಗೆಯ ತಂಡವಾಗುತ್ತದೆ. ಎಂ-ಸೀಲನ್ನು ಸಮಸಮ ಕಲಸಿ 1 ಮಿ.ಮೀ. ಎಳೆ ಹೊಸೆದು, ಬೋಳು ತಲೆಗೆ ಸುತ್ತಿ, ಸೂಜಿಯಿಂದ ಮಡಿಕೆ ಗೀರಿದರೆ ರುಮಾಲು. ಕೈಗೆ ಅಂಟದಂತೆ ಬೆರಳನ್ನು ನೀರಲ್ಲಿ ಅದ್ದುತ್ತಿರಿ. ಧೋತರಕ್ಕೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ನೆನೆಸಿ ಸುತ್ತಿ. ಪ್ಲಾಸ್ಟಿಕ್ ಗೊಂಬೆಗೆ ಮಾತ್ರ, ಸೀಸಕ್ಕೆ ಆ ಅಂಟು ಮುಟ್ಟಿಸಬಾರದು. ಬಟ್ಟೆಗೆ ಅಚ್ಚ ಬಿಳಿ ಬೇಡ, ಕೋರಾ ಬಣ್ಣ ಹಚ್ಚಿ ಉಬ್ಬಿದಲ್ಲಿ ಮಾತ್ರ ಬಿಳಿ ಎಳೆಯಿರಿ. ಕತ್ತಿ, ಢಾಲುಗಳ ಆಕಾರಕ್ಕೆ ಚೆನ್ನಮ್ಮ ಸರ್ಕಲ್ಲಿನ ಪ್ರತಿಮೆಯನ್ನೋ ಉತ್ಸವದ ವೇಷಗಳನ್ನೋ ನೋಡಬೇಡಿ, ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಕೋಟೆ ಬಾಗಿಲಿನ ಅಳತೆಯನ್ನೂ ಅಲ್ಲೇ ಹೆಜ್ಜೆ ಹಾಕಿ ತೆಗೆದುಕೊಳ್ಳಬಹುದು.

1857ರ ಡಬ್ಬಿ ಈಗಾಗಲೇ ಕೊಂಡಿದ್ದರೆ ಅದೂ ದಂಡವಲ್ಲ. ಗದಗ ಜಿಲ್ಲೆಯ ನರಗುಂದಕ್ಕೆ ಅದು ಹೊಂದುತ್ತದೆ: 1858ರ ಮೇ 29ರಂದು ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಅರಸ ಬಾಬಾಸಾಹೇಬರ ಜನರ ಕೈಯಲ್ಲಿ ಸತ್ತ, ಅವನ ಜೊತೆಗಿದ್ದವರು ಸದರ್ನ್ ಮರಾಠಾ ಹಾರ್ಸ್ ಸವಾರರು. ಆ ದೃಶ್ಯದ ನೆಲಕ್ಕೆ ಎರೆ ಮಣ್ಣೇ ಬೇಕು. ಆದರೆ ಎರೆಯನ್ನು ಬರೀ ಅಂಟಿನಲ್ಲಿ ಕಲಸಿದರೆ ನೀರು ಕುಡಿದು ಉಬ್ಬಿ, ಒಣಗುವಾಗ ಹೊಲದಂತೆಯೇ ಬಿರುಕು ಬಿಟ್ಟು ಗೊಂಬೆಯನ್ನು ಕಿತ್ತು ಹಾಕುತ್ತದೆ. ಹಂಚಿನ ಮೇಲೆ ಹುರಿದು, ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, ಎರಡು ಪಾಲು ಸಣ್ಣ ಮರಳಿಗೆ ಒಂದು ಪಾಲು ಎರೆ ಬೆರೆಸಿ ತೆಳುವಾಗಿ ಹಚ್ಚಿ. ಕಿತ್ತೂರಿಗೆ ಅದೇ ರೀತಿ ಮಸಾರಿ (ಕೆಂಪು) ಮಣ್ಣು. ಅದು ಅಷ್ಟು ಬಿರಿಯುವುದಿಲ್ಲ, ಮರಳು ಅರ್ಧಕ್ಕಿಳಿಸಬಹುದು.