ಮೂರನೇ ಮಂಚ

ಪ್ರಶ್ನೆ: ಅಕ್ಕಾ, ನಾನು ಕೊಪ್ಪಳ ಜಿಲ್ಲೆಯವಳು. ಬಳ್ಳಾರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಲೇಡೀಸ್ ಹಾಸ್ಟೆಲ್‌ನಲ್ಲಿ ನಮ್ಮದು ಮೂವರ ರೂಮು. ಒಬ್ಬಳು ಮದುವೆ ಗೊತ್ತಾಗಿ ಓದು ಬಿಟ್ಟು ಹೋದಳು, ಅವಳ ಮಂಚ ಖಾಲಿ ಇದೆ. ಸಿರುಗುಪ್ಪದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಸೀಟಿಗೆ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ನನ್ನ ರೂಮ್‌ಮೇಟ್ ಮಾತ್ರ, “ಹೋದಾಕಿ ಪರೀಕ್ಷೆಗೆ ವಾಪಸ್ ಬರ್ತಾಳಂತ ವಾರ್ಡನ್‌ಗೆ ಹೇಳೋಣು, ಇಬ್ಬರೇ ಆರಾಮಿರೋಣು. ಈಕಿ ನಮಗ ಹೊಂದಂಗಿಲ್ಲ. ಬಸ್ ಹೆಂಗೂ ಫ್ರೀ ಐತಿ” ಅನ್ನುತ್ತಾಳೆ. ಸೋಮವಾರ ವಾರ್ಡನ್ ಮೇಡಂ ಕೇಳುತ್ತಾರೆ. ಸುಳ್ಳು ಹೇಳಲು ಮನಸ್ಸಿಲ್ಲ, ಗೆಳತಿಯ ಜೊತೆ ಕೆಡಿಸಿಕೊಳ್ಳಲೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ನಿನ್ನ ಗೆಳತಿಯ ಪರವಾಗಿ ಒಂದು ಮಾತು. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಒಂದೇ ಫ್ಯಾನಿನ ಕೆಳಗೆ ಮೂರು ಮಂಚ ಅಂದರೆ ಏನೆಂದು ಗೊತ್ತಿಲ್ಲದವರು ಅವಳನ್ನು ಸ್ವಾರ್ಥಿ ಅಂದಾರು. ನಾನು ಅನ್ನಲಾರೆ. ನಾನೂ ಹಾಸ್ಟೆಲ್ಲಿನಲ್ಲಿ ಇದ್ದವಳೇ. ನಮ್ಮ ರೂಮಿನ ಖಾಲಿ ಮಂಚ ಒಂದೇ ವಾರದಲ್ಲಿ ಅಟ್ಟ ಆಗಿತ್ತು: ಟ್ರಂಕು, ಊರಿನ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ, ಮಡಚದೇ ಬಿಟ್ಟ ಬಟ್ಟೆ. ಎರಡನೇ ವಾರಕ್ಕೆ ಅದು ನಮ್ಮದೇ ಅನ್ನಿಸಿಬಿಟ್ಟಿತು. ಹೊಸಬಳು ಹಾಸಿಗೆ ಸುರುಳಿ ಹಿಡಿದು ಬಾಗಿಲಲ್ಲಿ ನಿಂತಾಗ ಕಳ್ಳಿಯನ್ನು ನೋಡಿದ ಹಾಗೆ ನೋಡಿದ್ದೆವು. ಒಳಗೆ ಬಾ ಅನ್ನಲೂ ಇಲ್ಲ.

ಈಗ “ಬಸ್ ಫ್ರೀ” ಅನ್ನುವ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಖರೆ. ಆದರೆ ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಹೆಚ್ಚು, ಹಳ್ಳಿಯಿಂದ ಸಿರುಗುಪ್ಪಕ್ಕೆ ಬರುವುದು ಬೇರೆ. ದುಡ್ಡು ಉಳಿಯಿತು, ಹೊತ್ತು ಉಳಿಯಿತೇ? ನೀವಿಬ್ಬರು ಸಂಜೆ ಲೈಬ್ರರಿಯಲ್ಲಿ ನೋಟ್ಸ್ ಬರೆಯುವಾಗ ಅವಳು ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾಳೆ. ಪರೀಕ್ಷೆ ಮಾತ್ರ ಮೂವರಿಗೂ ಒಂದೇ.

ಇನ್ನು ಸುಳ್ಳಿನ ಖರ್ಚು. ನಿಮ್ಮದು ಡಿವೈಡಿಂಗ್ ಮೆಸ್ ಆಗಿದ್ದರೆ ಅಡುಗೆಯವರ ಸಂಬಳ ಉಣ್ಣುವ ತಲೆಗಳ ಮೇಲೆ ಹಂಚಿಕೆಯಾಗುತ್ತದೆ. ಒಂದು ತಲೆ ಕಡಿಮೆಯಾದಷ್ಟೂ ಉಳಿದವರ ಬಿಲ್ಲು ಏರುತ್ತದೆ. ಅದಕ್ಕಿಂತ ಮುಖ್ಯ, ಮದುವೆಯ ಸಂಭ್ರಮದಲ್ಲಿರುವ ಆ ಹುಡುಗಿಯನ್ನು ಇಬ್ಬರೂ ಮರೆತಿದ್ದೀರಿ. ರಿಜಿಸ್ಟರಿನಲ್ಲಿ ಅವಳ ಹೆಸರು ಇರುವಷ್ಟು ದಿನ ಬಾಕಿ ಅವಳ ತಲೆಗೇ ಬೀಳಬಹುದು. ನಾಳೆ ಗಂಡನ ಜೊತೆ ಟಿ.ಸಿ. ಕೇಳಲು ಬಂದಾಗ “ಹಾಸ್ಟೆಲ್ಲಿನಿಂದ ನೋ ಡ್ಯೂ ತಗೊಂಡು ಬಾರಮ್ಮ” ಅಂದರೆ?

ನನಗೆ ಚುಚ್ಚಿದ್ದು “ಹೊಂದಂಗಿಲ್ಲ” ಅನ್ನುವ ಮಾತು. ಏನು ಹೊಂದುವುದಿಲ್ಲ ಅಂತ ನೀನು ಬರೆದಿಲ್ಲ. ಲೈಟ್ ಆರಿಸುವ ಹೊತ್ತೇ? ಫೋನಿನಲ್ಲಿ ಜೋರಾಗಿ ಮಾತಾಡುತ್ತಾಳೆಯೇ? ಒಂದು ರಾತ್ರಿಯೂ ಜೊತೆಗೆ ಇರದೆ ಅದೆಲ್ಲ ಹೇಗೆ ಗೊತ್ತಾಯಿತು? ನಮ್ಮ ಕಡೆ ‘ಹೊಂದಂಗಿಲ್ಲ’, ‘ಅವರ ಊಟ ಬ್ಯಾರೆ’ ಅನ್ನುವ ಮಾತುಗಳ ಹಿಂದೆ ಬಹಳ ಸಲ ಅಡ್ಡಹೆಸರು ವಿಚಾರಿಸಿ ಜಾತಿ ತಿಳಿದುಕೊಂಡಿದ್ದಾಗಿರುತ್ತದೆ. ಹಾಗಲ್ಲದಿದ್ದರೆ ನನ್ನನ್ನು ಬೈದುಕೋ. ಹಾಗೇ ಇದ್ದರೆ ಗೆಳತಿಗೆ ಒಂದು ತಿಳಿಸಿಬಿಡು: ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಆಗಿ, ಜಾತಿ, ಧರ್ಮ, ಭಾಷೆ, ಊರು ಹಿಡಿದು ಹಿಂಸಿಸುವುದೂ ರ‍್ಯಾಗಿಂಗ್ ಲೆಕ್ಕಕ್ಕೇ ಬಂದಿದೆ. ಆ ಹುಡುಗಿ ಬಂದ ಮೇಲೆ ನಾಲಿಗೆ ಹಿಡಿತದಲ್ಲಿರಲಿ.

ಭಾನುವಾರ ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದು ಇಬ್ಬರೂ ಕೂತು ತಿನ್ನಿರಿ. ಆಗಲೇ ಹೇಳಿಬಿಡು: “ನಾ ಸುಳ್ಳು ಹೇಳಂಗಿಲ್ಲ, ನಿನ್ನ ಹೆಸರೂ ಎತ್ತಂಗಿಲ್ಲ.” ಸೋಮವಾರ ವಾರ್ಡನ್ ಮುಂದೆ, “ಮಂಚ ಖಾಲಿ ಐತ್ರಿ ಮೇಡಂ,” ಅಷ್ಟೇ. ಸಿರುಗುಪ್ಪದವಳಿಗೇ ಕೊಡಿ ಅಂತ ಶಿಫಾರಸಿಗೆ ಹೋಗಬೇಡ, ಪಟ್ಟಿಯಲ್ಲಿ ಅವಳಿಗಿಂತ ಮುಂದೆ ಇನ್ನೂ ದೂರದಿಂದ ಬರುವವಳು ಇದ್ದಾಳು. ಅರ್ಜಿ ಎಲ್ಲಿಗೆ ಬಂತು ನೋಡಿಕೋ ಅಂತ ಅವಳ ಕಿವಿಗೆ ಹಾಕು, ಸಾಕು.

ಗೆಳತಿ ನಾಲ್ಕು ದಿನ ಮುಖ ಊದಿಸಿಕೊಂಡಾಳು. ಊದಿಸಿಕೊಳ್ಳಲಿ. ಯಾರೇ ಬಂದರೂ ಅವತ್ತು ರಾತ್ರಿಯೇ ಮೂವರೂ ಕೂತು ಸ್ನಾನದ ಸರದಿ, ಚಾರ್ಜರ್ ಹಾಕುವ ಪ್ಲಗ್ಗು, ಲೈಟ್ ಆರಿಸುವ ಹೊತ್ತು ಮಾತಾಡಿಕೊಳ್ಳಿ. ಫ್ಯಾನಿನ ನೇರ ಕೆಳಗಿನ ಮಂಚ ತಿಂಗಳಿಗೊಬ್ಬರಿಗೆ. ಏಪ್ರಿಲ್ ತಿಂಗಳ ಸರದಿ ನಿನಗೆ ಬಂದರೆ ಗೆಳತಿಗೆ ಬಿಟ್ಟುಕೊಡು.