ಮೇ ತಿಂಗಳ ಚಳಿಮಳೆಗೆ ಟರ್ಕಿ ಮರಿಗಳು ಸಾಯುವುದೇಕೆ?

ಪ್ರಶ್ನೆ: ನಾವು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಕಾಡಿನಂಚಿನ ಊರೊಂದರಲ್ಲಿ ನೆಲೆಸಿದ್ದೇವೆ. ಮೇ ಕೊನೆಯಲ್ಲಿ ಕಾಡು ಟರ್ಕಿ ಹೇಂಟೆಯೊಂದು ಹತ್ತು ಮರಿಗಳ ಜೊತೆ ಮನೆಯ ಹಿಂದಿನ ಹುಲ್ಲುಗಾವಲಿಗೆ ಬಂದಿತ್ತು. ಆಮೇಲೆ ಕೆಲವು ದಿನ ಬಿಡದೆ ಚಳಿಮಳೆ ಹಿಡಿಯಿತು. ಮಳೆ ನಿಂತಾಗ ಉಳಿದಿದ್ದುದು ಮೂರೇ ಮರಿ. ಹಾವೇರಿ ಕಡೆಯ ನಮ್ಮ ಊರಿನಲ್ಲಿ ನವಿಲಿನ ಮರಿಗಳು ಮಳೆಯಲ್ಲೇ ಓಡಾಡಿಕೊಂಡಿರುತ್ತಿದ್ದವು. ಇಲ್ಲೇಕೆ ಹೀಗೆ? ಮುಂದಿನ ವರ್ಷ ಕಾಳು ಹಾಕಿದರೆ ಮರಿಗಳು ಉಳಿದಾವೇ?

ಉತ್ತರ: ಮಳೆಯೊಂದೇ ಆಗಿದ್ದರೆ ಅಷ್ಟು ಮರಿಗಳು ಹೋಗುತ್ತಿರಲಿಲ್ಲ. ಮಳೆಗೆ ಚಳಿ ಕೂಡಿತು, ಅದೂ ಮರಿಗಳು ಮೊಟ್ಟೆಯೊಡೆದು ಬಂದ ಹೊಸತರಲ್ಲೇ ಕೂಡಿತು. ಅವುಗಳ ಬದುಕಿನಲ್ಲಿ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ಟರ್ಕಿ ಮರಿ ಹುಟ್ಟಿದ ಮರುದಿನವೇ ತಾಯಿಯ ಹಿಂದೆ ನಡೆಯುತ್ತದೆ, ತನ್ನ ಹುಳುವನ್ನು ತಾನೇ ಹೆಕ್ಕಿ ತಿನ್ನುತ್ತದೆ. ಇಷ್ಟು ಚುರುಕಾದ ಜೀವಕ್ಕೆ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮಾತ್ರ ಇನ್ನೂ ಬಂದಿರುವುದಿಲ್ಲ. ಮೈಮೇಲಿರುವುದು ಗರಿಯಲ್ಲ, ಎಳೆಯ ತುಪ್ಪುಳು. ಒಣಗಿದ್ದಾಗ ಅದು ಬೆಚ್ಚಗಿಡುತ್ತದೆ, ನೆಂದರೆ ಚರ್ಮಕ್ಕೆ ಅಂಟಿಕೊಂಡು ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಆಗ ಇರುವ ಆಸರೆ ತಾಯಿಯ ರೆಕ್ಕೆಯಡಿ ಮಾತ್ರ. ಆದರೆ ಅಲ್ಲಿ ಮುದುಡಿ ಕುಳಿತಷ್ಟು ಹೊತ್ತು ಮೇವಿಲ್ಲ. ಮೊದಲ ವಾರಗಳಲ್ಲಿ ಮರಿಗಳು ಹೆಚ್ಚಾಗಿ ತಿನ್ನುವುದು ಮಿಡತೆ, ಜೀರುಂಡೆ, ಕಂಬಳಿಹುಳುಗಳಂಥ ಕೀಟಗಳನ್ನು. ಚಳಿಯಲ್ಲಿ ಕೀಟಗಳೂ ಹುಲ್ಲಿನ ಬುಡದಲ್ಲಿ ಅಡಗಿ ಅಲುಗಾಡದೆ ಕುಳಿತಿರುತ್ತವೆ. ಹಸಿದ ಮರಿಗೆ ಚಳಿ ಬೇಗ ತಟ್ಟುತ್ತದೆ, ಮೇವಿಗೆಂದು ಹೊರಬಿದ್ದರೆ ಮತ್ತೆ ನೆನೆಯುತ್ತದೆ. ಒಂದು ಜೋರು ಮಳೆಯನ್ನು ಮರಿಗಳು ತಾಳಿಕೊಂಡಾವು, ದಿನಗಟ್ಟಲೆ ಬಿಡದೆ ಹಿಡಿಯುವ ತಣ್ಣನೆಯ ಜಿಟಿಜಿಟಿ ಮಳೆಯನ್ನು ತಾಳಿಕೊಳ್ಳುವುದು ಕಷ್ಟ.

ನಿಮ್ಮೂರಿನ ನವಿಲಿನ ಮರಿಗಳು ನೆಂದದ್ದು ಬೆಚ್ಚನೆಯ ಮಳೆಯಲ್ಲಿ. ಹಾವೇರಿಯ ಮುಂಗಾರು ಎಷ್ಟೇ ಸುರಿದರೂ ಗಾಳಿ ಪೆನ್ಸಿಲ್ವೇನಿಯಾದ ಮೇ ತಿಂಗಳ ರಾತ್ರಿಯಷ್ಟು ಕೊರೆಯುವುದಿಲ್ಲ. ಅದೇ ಮಳೆಯಿಂದ ಹುಳುಹುಪ್ಪಟೆಗಳೂ ಹೆಚ್ಚುತ್ತವೆ. ಅಮೆರಿಕದೊಳಗೇ ಇದಕ್ಕೆ ಒಂದು ನಿದರ್ಶನವಿದೆ. ಟೆಕ್ಸಾಸಿನ ಒಣ ಸೀಮೆಯಲ್ಲಿರುವ ರಿಯೋ ಗ್ರಾಂಡೆ ಟರ್ಕಿಗಳಿಗೆ ವಸಂತದ ಮಳೆಯೇ ವರ. ಮಳೆ ಬಂದರೆ ಗೂಡು ಮರೆಸುವಷ್ಟು ಹುಲ್ಲು ಬೆಳೆಯುತ್ತದೆ, ಮರಿಗಳಿಗೆ ಕೀಟಗಳು ಸಿಗುತ್ತವೆ. ಬರ ಬಿದ್ದ ವರ್ಷ ಅಲ್ಲಿನ ಎಷ್ಟೋ ಹೇಂಟೆಗಳು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ನಿಮ್ಮ ಹುಲ್ಲುಗಾವಲಿನ ಏಳೂ ಮರಿಗಳನ್ನು ಮಳೆಯೇ ಕೊಂದಿತೆಂದು ನಾನು ಹೇಳಲಾರೆ. ಸುಮಾರು ಎರಡು ವಾರ ತುಂಬುವವರೆಗೆ ಮರಿಗಳು ಮರವೇರಲಾರವು, ರಾತ್ರಿಯೆಲ್ಲ ತಾಯಿಯೊಂದಿಗೆ ನೆಲದಲ್ಲೇ ಕಳೆಯುತ್ತವೆ. ನರಿ, ರಕೂನ್, ಕಯೋಟಿ, ಬಾಬ್‌ಕ್ಯಾಟ್‌ಗಳಿಗೆ ಅದು ಸುಲಭದ ಬೇಟೆ. ಒದ್ದೆಯಾದ ಹಕ್ಕಿಯ ವಾಸನೆ ಹೆಚ್ಚು ದೂರ ಹರಡುವುದರಿಂದ ಮಳೆಯಲ್ಲಿ ಈ ಬೇಟೆ ಇನ್ನಷ್ಟು ಸಲೀಸಾಗುತ್ತದೆಂಬ ವಾದ ಟರ್ಕಿ ಸಂಶೋಧಕರಲ್ಲಿ ಬಹಳ ಕಾಲದಿಂದ ಇದೆ, ಎಲ್ಲರೂ ಅದನ್ನು ಒಪ್ಪಿಲ್ಲ. ಹವೆ ಚೆನ್ನಾಗಿರುವ ವರ್ಷವೂ ನಾಲ್ಕು ವಾರ ತುಂಬುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮರಿಗಳು ಸಾಯುವುದು ಸಾಮಾನ್ಯ. ಹಾಗಾಗಿ ಮೂರು ಮರಿ ಉಳಿಸಿಕೊಂಡ ಆ ತಾಯಿಯನ್ನು ಸೋತವಳೆಂದು ನಾನು ಎಣಿಸುವುದಿಲ್ಲ.

ಗೂಡಿನಲ್ಲಿ ಮೊಟ್ಟೆಗಳು ಹಾಳಾದರೆ ಹೇಂಟೆ ಮತ್ತೊಮ್ಮೆ ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೂರಬಲ್ಲದು. ಮರಿಗಳಾದ ಮೇಲೆ ಅವುಗಳನ್ನು ಕಳೆದುಕೊಂಡರೆ ಸಾಮಾನ್ಯವಾಗಿ ಆ ವರ್ಷ ಮತ್ತೆ ಗೂಡು ಕಟ್ಟುವುದಿಲ್ಲ. ಆದರೆ ಎಲ್ಲ ಹೇಂಟೆಗಳ ಮೊಟ್ಟೆಗಳೂ ಒಂದೇ ವಾರದಲ್ಲಿ ಒಡೆಯುವುದಿಲ್ಲವಾದ್ದರಿಂದ, ಒಂದು ಕೆಟ್ಟ ವಾರ ಆ ಸೀಮೆಯ ಎಲ್ಲ ಮರಿಗಳನ್ನೂ ಅಳಿಸಿಹಾಕುವುದಿಲ್ಲ.

ಕಾಳು ಹಾಕಬೇಡಿ. ಈ ವಯಸ್ಸಿನ ಮರಿಗೆ ಬೇಕಾದಷ್ಟು ಪ್ರೋಟೀನ್ ಮೆಕ್ಕೆಜೋಳದಲ್ಲಿಲ್ಲ, ಒದ್ದೆ ಮೆಕ್ಕೆಜೋಳದಲ್ಲಿ ಬೆಳೆಯುವ ಬೂಷ್ಟು ಟರ್ಕಿಗಳಿಗೆ ವಿಷ, ಕಾಳಿನ ರಾಶಿಗೆ ರಕೂನ್‌ಗಳೂ ಬರುತ್ತವೆ. ಒಂಟಿ ಮರಿ ಕಂಡರೂ ಎತ್ತಿ ಮನೆಗೆ ತರಬೇಡಿ, ತಾಯಿ ಹತ್ತಿರದಲ್ಲೇ ಅಡಗಿರಬಹುದು.

ನಿಮ್ಮಿಂದ ಆಗುವ ದೊಡ್ಡ ಉಪಕಾರವೆಂದರೆ ಹಿಂದಿನ ಹುಲ್ಲನ್ನು ಜುಲೈ ನಡುವಿನವರೆಗೆ ಕತ್ತರಿಸದೆ ಬಿಡುವುದು. ಎತ್ತರವಿದ್ದರೂ ತೀರ ಒತ್ತಾಗಿರದ, ಮರಿಗಳು ಬುಡದಲ್ಲಿ ನುಸುಳಿ ಓಡಾಡಬಹುದಾದ ಹುಲ್ಲು ಅವಕ್ಕೆ ಮರೆಯೂ ಹೌದು, ಕೀಟಗಳ ಉಗ್ರಾಣವೂ ಹೌದು. ಕೀಟನಾಶಕ ಸಿಂಪಡಿಸಬೇಡಿ. ಜೂನ್ ಮುಗಿಯುವವರೆಗೆ ನಾಯಿಯನ್ನು ಅತ್ತ ಸಡಿಲ ಬಿಡಬೇಡಿ.

ಇನ್ನೊಂದು ಕೆಲಸವಿದೆ. ಪೆನ್ಸಿಲ್ವೇನಿಯಾದ ವನ್ಯಜೀವಿ ಇಲಾಖೆ ಬೇಸಿಗೆಯಲ್ಲಿ ಜನರು ಕಂಡ ಟರ್ಕಿಗಳ ವಿವರ ಸಂಗ್ರಹಿಸಿ, ಹೇಂಟೆಗೆ ಎಷ್ಟು ಮರಿಗಳು ಉಳಿದವೆಂದು ಲೆಕ್ಕ ಹಾಕುತ್ತದೆ. ನಿಮಗೆ ಕಂಡದ್ದನ್ನೂ ಬರೆದು ಕಳುಹಿಸಿ. ಮರಿಯಿಲ್ಲದೆ ಒಂಟಿಯಾಗಿ ಮೇಯುವ ಹೇಂಟೆಯನ್ನೂ ಬಿಡದೆ ಬರೆಯಿರಿ. ಅಂಥವನ್ನು ಬಿಟ್ಟರೆ ಆ ವರ್ಷ ಉಳಿದ ಮರಿಗಳ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.